ತೀರ್ಪು ಬರುವ ಹೊತ್ತಿಗೆ ಮಾರುಕಟ್ಟೆಯೇ ಬದಲಾಗಿದ್ದರೆ

ಮಾನ್ಯ ಸಂಪಾದಕರೇ,

ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಮೇಲೆ ಭಾರತೀಯ ಸ್ಪರ್ಧಾ ಆಯೋಗ ನಡೆಸಿದ ತನಿಖೆಯನ್ನು ಪ್ರಶ್ನಿಸಿ ದೇಶದ ಹಲವು ಹೈಕೋರ್ಟುಗಳಲ್ಲಿ ದಾಖಲಾಗಿದ್ದ ಇಪ್ಪತ್ತಕ್ಕೂ ಹೆಚ್ಚು ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಜನವರಿ 6ರಂದು ಕರ್ನಾಟಕ ಹೈಕೋರ್ಟಿಗೆ ವರ್ಗಾಯಿಸಿತು. ಆಯೋಗ ತನಿಖೆಗೆ ಆದೇಶಿಸಿದ್ದು 2020ರ ಜನವರಿ 13ರಂದು. ದೂರಿನಲ್ಲಿ ಹುರುಳಿದೆಯೇ ಎಂಬ ಮೂಲ ಪ್ರಶ್ನೆಗೆ ಉತ್ತರ ಸಿಗುವುದಿರಲಿ, ತನಿಖೆ ನಡೆದ ರೀತಿ ಸರಿಯೇ ಎಂಬ ವಾದವನ್ನು ಯಾವ ನ್ಯಾಯಾಲಯ ಕೇಳಬೇಕು ಎಂದು ತೀರ್ಮಾನವಾಗುವುದಕ್ಕೇ ಐದು ವರ್ಷ ಹಿಡಿಯಿತು. ಫ್ಲಿಪ್‌ಕಾರ್ಟ್ ಹುಟ್ಟಿ ಬೆಳೆದ ಬೆಂಗಳೂರಿಗೇ ಈ ವ್ಯಾಜ್ಯವೂ ಬಂದು ಸೇರಿರುವಾಗ ನಮ್ಮ ವರ್ತಕರು, ಗ್ರಾಹಕರು ಮತ್ತು ಸಂಸದರು ಇದನ್ನು ದೆಹಲಿಯ ಸುದ್ದಿಯೆಂದು ಬದಿಗೆ ಸರಿಸಬಾರದು ಎಂಬ ಕಾಳಜಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ದೂರು ಕೊಟ್ಟದ್ದು ದೆಹಲಿ ವ್ಯಾಪಾರ್ ಮಹಾಸಂಘ ಎಂಬ ಸಣ್ಣ ವರ್ತಕರ ಒಕ್ಕೂಟ. ಅವರ ಆರೋಪಗಳು ಮುಖ್ಯವಾಗಿ ಮೊಬೈಲ್ ಫೋನ್ ಮಾರಾಟಕ್ಕೆ ಸಂಬಂಧಿಸಿದವು: ಹೊಸ ಮಾದರಿಗಳನ್ನು ತಯಾರಕರು ಒಂದು ಜಾಲತಾಣದಲ್ಲಿ ಮಾತ್ರ ಬಿಡುಗಡೆ ಮಾಡುತ್ತಾರೆ, ಜಾಲತಾಣದೊಂದಿಗೆ ನಂಟಿರುವ ಕೆಲವೇ ಮಾರಾಟಗಾರರಿಗೆ ಅಲ್ಲಿ ವಿಶೇಷ ಮನ್ನಣೆ ಸಿಗುತ್ತದೆ, ಬೇರೆಯವರು ಕೊಡಲಾಗದಷ್ಟು ದೊಡ್ಡ ರಿಯಾಯಿತಿಯನ್ನು ಅವರ ಮೂಲಕವೇ ಕೊಡಲಾಗುತ್ತದೆ, ಹುಡುಕಾಟದ ಫಲಿತಾಂಶದಲ್ಲಿ ಅವರ ಸರಕೇ ಮೊದಲು ಕಾಣಿಸುತ್ತದೆ. ಎರಡೂ ಕಂಪನಿಗಳು ಈ ಆರೋಪಗಳನ್ನು ಒಪ್ಪಿಲ್ಲ, ಮತ್ತು ಅಂತಿಮ ತೀರ್ಮಾನ ಬರುವವರೆಗೆ ಇವು ಆರೋಪಗಳೇ ಎಂಬುದನ್ನು ಮರೆಯಬಾರದು. ಆದರೆ ಈ ನಾಲ್ಕು ಒಂದಕ್ಕೊಂದು ಹೇಗೆ ಹೆಣೆದುಕೊಳ್ಳುತ್ತವೆ ಎಂಬುದನ್ನು ಗಮನಿಸಬೇಕು. ಜನರು ಬಯಸುವ ಫೋನು ಒಂದೇ ಕಡೆ ಸಿಗುವಾಗ ಗ್ರಾಹಕ ಅಲ್ಲಿಗೇ ಹೋಗುತ್ತಾನೆ. ಗ್ರಾಹಕರು ಅಲ್ಲಿರುವುದರಿಂದ ಮಾರಾಟಗಾರರೂ ಅಲ್ಲಿಗೇ ಹೋಗುತ್ತಾರೆ. ಸಾವಿರಾರು ಮಾರಾಟಗಾರರು ಅಲ್ಲಿ ಏನು ಮಾರುತ್ತಿದ್ದಾರೆ, ಯಾವ ಬೆಲೆಗೆ, ಯಾವ ಪಿನ್‌ಕೋಡಿಗೆ ಎಂಬ ಮಾಹಿತಿಯೆಲ್ಲ ಜಾಲತಾಣದ ಕೈಗೆ ಸೇರುತ್ತದೆ. ಆ ಮಾಹಿತಿ ಇರುವವನ ಮುಂದಿನ ಹೆಜ್ಜೆ ಇನ್ನಷ್ಟು ನಿಖರವಾಗುತ್ತದೆ. ಈ ಸುತ್ತು ಒಮ್ಮೆ ವೇಗ ಪಡೆದರೆ ಅದನ್ನು ಹಿಂದಕ್ಕೆ ತಿರುಗಿಸುವುದು ದಂಡದಿಂದಲೂ ಆಗದು, ಕೋರ್ಟಿನ ಆದೇಶದಿಂದಲೂ ಆಗದು. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ: ಈ ಮಾರುಕಟ್ಟೆಗಳಲ್ಲಿ ಕಾಲವೇ ಒಂದು ಬಲ, ಮತ್ತು ನಮ್ಮ ಸ್ಪರ್ಧಾ ಕಾನೂನು ಆ ಬಲವನ್ನು ತಿಳಿಯದೆಯೇ ದೊಡ್ಡವರ ಕೈಗೆ ಕೊಡುತ್ತಿದೆ.

ಪ್ರಕರಣದ ನಡಿಗೆಯನ್ನು ನೋಡಿ. ತನಿಖೆಯ ಆದೇಶ ಬಂದ ಒಂದು ತಿಂಗಳಲ್ಲಿ, 2020ರ ಫೆಬ್ರವರಿ 14ರಂದು, ಕರ್ನಾಟಕ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಆ ತಡೆ ತೆರವಾದದ್ದು 2021ರ ಜೂನ್ 11ರಂದು, ಏಕಸದಸ್ಯ ಪೀಠ ಕಂಪನಿಗಳ ಅರ್ಜಿಗಳನ್ನು ವಜಾ ಮಾಡಿದಾಗ. ಜುಲೈ 23ರಂದು ವಿಭಾಗೀಯ ಪೀಠವೂ ಮೇಲ್ಮನವಿಗಳನ್ನು ತಳ್ಳಿಹಾಕಿ, ಕಾನೂನು ಮೀರಿಲ್ಲ ಎನ್ನುವವರು ವಿಚಾರಣೆ ಎದುರಿಸಲು ಹಿಂಜರಿಯಬೇಕಿಲ್ಲ ಎಂಬರ್ಥದ ಮಾತು ಹೇಳಿತು. ಆಗಸ್ಟ್ 9ರಂದು ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸಲು ಒಪ್ಪಲಿಲ್ಲ. ಇಂಥ ದೊಡ್ಡ ಸಂಸ್ಥೆಗಳು ತಾವಾಗಿಯೇ ವಿಚಾರಣೆಗೆ ಮುಂದೆ ಬರಬೇಕಿತ್ತು ಎಂದು ಅಂದಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರ ಪೀಠ ಅಭಿಪ್ರಾಯಪಟ್ಟಿತು. ಮೂರು ಹಂತದಲ್ಲೂ ಕಂಪನಿಗಳು ಸೋತವು. ಆದರೂ ಒಂದೂವರೆ ವರ್ಷ ಅವರಿಗೆ ದಕ್ಕಿತು, ಅದೂ ಕೋವಿಡ್‌ ಕಾಲದ ಒಂದೂವರೆ ವರ್ಷ. ಅಂಗಡಿಗಳ ಬಾಗಿಲು ಮುಚ್ಚಿ, ಕೊಳ್ಳುವಿಕೆಯೆಲ್ಲ ಫೋನಿನ ಪರದೆಗೆ ಸರಿದ ಕಾಲ. ಇಡೀ ದಶಕದಲ್ಲಿ ಈ ಮಾರುಕಟ್ಟೆ ಅತಿ ವೇಗವಾಗಿ ರೂಪ ಬದಲಿಸಿದ ಆ ತಿಂಗಳುಗಳಲ್ಲೇ ತನಿಖೆ ನಿಂತಿತ್ತು.

ಇಲ್ಲಿ ಕಾನೂನಿನ ಒಂದು ಅಂಶವನ್ನು ಓದುಗರ ಗಮನಕ್ಕೆ ತರಬೇಕು. ಸ್ಪರ್ಧಾ ಕಾಯ್ದೆಯ 26(1)ನೇ ಕಲಮಿನಡಿ ಆಯೋಗ ಕೊಡುವ ತನಿಖೆಯ ನಿರ್ದೇಶನ ಕೇವಲ ಆಡಳಿತಾತ್ಮಕ ಸ್ವರೂಪದ್ದು, ಅದು ಯಾರ ಹಕ್ಕನ್ನೂ ನಿರ್ಧರಿಸುವುದಿಲ್ಲ, ಆ ಹಂತದಲ್ಲಿ ಎದುರಾಳಿಯ ವಾದ ಕೇಳಲೇಬೇಕೆಂಬ ಕಡ್ಡಾಯವಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಮೇಲ್ನೋಟಕ್ಕೆ ಕಂಡದ್ದನ್ನು ಪರೀಕ್ಷಿಸಿ ನೋಡಿ ಎಂದು ಹೇಳುವ ಆದೇಶಕ್ಕೇ ಹತ್ತು ವರ್ಷಗಳ ನಂತರವೂ ರಿಟ್ ಅರ್ಜಿ, ತಡೆಯಾಜ್ಞೆ, ಮೇಲ್ಮನವಿಗಳ ಪೂರ್ಣ ಪ್ರಯಾಣ ಬೇಕಾಯಿತೆಂದರೆ, ಕಾನೂನಿನ ಮಾತು ಸ್ಪಷ್ಟವಾಗಿದ್ದರಷ್ಟೇ ಸಾಲದು ಎಂದಾಯಿತು.

ತನಿಖೆ ಕೊನೆಗೂ ಮುಗಿದು, ಆಯೋಗಕ್ಕಾಗಿ ತನಿಖೆ ನಡೆಸುವ ಮಹಾನಿರ್ದೇಶಕರ ವರದಿ 2024ರ ಆಗಸ್ಟ್‌ನಲ್ಲಿ ಸಿದ್ಧವಾಯಿತು. ಆ ವರದಿ ಸಾರ್ವಜನಿಕವಾಗಿ ಪ್ರಕಟವಾಗಿಲ್ಲ. ಆದರೆ ಅಮೆಜಾನ್ ಕುರಿತು 1,027 ಪುಟ, ಫ್ಲಿಪ್‌ಕಾರ್ಟ್ ಕುರಿತು 1,696 ಪುಟಗಳ ಆ ದಾಖಲೆಗಳು ಕಂಪನಿಗಳು ಕಾಯ್ದೆ ಉಲ್ಲಂಘಿಸಿವೆ ಎಂಬ ನಿಲುವಿಗೆ ಬಂದಿವೆ ಎಂದು ರಾಯಿಟರ್ಸ್ ಸುದ್ದಿಸಂಸ್ಥೆ ವರದಿ ಮಾಡಿತು. ಅದರ ಬೆನ್ನಿಗೇ ಜಾಲತಾಣಗಳ ಮಾರಾಟಗಾರರೂ ಕೆಲವು ಫೋನ್ ತಯಾರಕರೂ ಬೇರೆ ಬೇರೆ ಹೈಕೋರ್ಟುಗಳ ಮೆಟ್ಟಿಲು ಹತ್ತಿದರು. ಮಾಹಿತಿ ಕೊಡಲು ಕರೆಸಿಕೊಂಡ ತಮ್ಮನ್ನು ಪೂರ್ವಸೂಚನೆಯಿಲ್ಲದೆ ಎದುರಾಳಿಗಳ ಸಾಲಿಗೆ ಸೇರಿಸಲಾಗಿದೆ ಎಂಬುದು ಮಾರಾಟಗಾರರ ಮುಖ್ಯ ತಕರಾರು. ಈ ತಕರಾರನ್ನು ನಾನು ಹಗುರವಾಗಿ ಕಾಣುವುದಿಲ್ಲ. ದಂಡಕ್ಕೆ ಗುರಿಯಾಗಬಹುದಾದವನಿಗೆ ಮೊದಲೇ ತಿಳಿಸಬೇಕಾದದ್ದು ಸಹಜ ನ್ಯಾಯ, ಮತ್ತು ಆಯೋಗ ಅಲ್ಲಿ ಎಡವಿದ್ದರೆ ಹೈಕೋರ್ಟ್ ಅದನ್ನು ಹೇಳಲೇಬೇಕು. ಆದರೆ ಆ ಪ್ರಶ್ನೆಗೆ ಉತ್ತರ ಕೆಲವು ವಾರಗಳಲ್ಲಿ ಸಿಗಬೇಕೇ ಹೊರತು ವರ್ಷಗಳಲ್ಲಲ್ಲ. ಏಕೆಂದರೆ ವಿಳಂಬದ ಬೆಲೆಯನ್ನು ಎರಡು ಕಡೆಯವರೂ ಸಮನಾಗಿ ತೆರುವುದಿಲ್ಲ. ದೂರಿನಲ್ಲಿ ಆದ್ಯತೆಯ ಮಾರಾಟಗಾರ ಎಂದು ಹೆಸರಿಸಲಾಗಿದ್ದ ಕ್ಲೌಡ್‌ಟೇಲ್, ಅಂದರೆ ಅಮೆಜಾನ್ ಮತ್ತು ನಾರಾಯಣ ಮೂರ್ತಿಯವರ ಕ್ಯಾಟಮರಾನ್ ಸಂಸ್ಥೆ ಪಾಲುದಾರರಾಗಿದ್ದ ಕಂಪನಿ, ತನಿಖೆ ಮುಗಿಯುವುದಕ್ಕೆ ಎರಡು ವರ್ಷ ಮೊದಲೇ, 2022ರ ಮೇ ತಿಂಗಳಲ್ಲಿ, ತನ್ನ ಆ ವ್ಯವಹಾರವನ್ನೇ ಮುಗಿಸಿತ್ತು. ಯಾವ ವ್ಯವಸ್ಥೆಯ ಮೇಲೆ ದೂರು ಬಂದಿತ್ತೋ ಆ ವ್ಯವಸ್ಥೆಯೇ ವರದಿ ಬರುವಷ್ಟರಲ್ಲಿ ಬೇರೆಯಾಗಿತ್ತು.

ದಾವಣಗೆರೆಯಲ್ಲಿ ಹಲವು ವರ್ಷ ವಾಣಿಜ್ಯಶಾಸ್ತ್ರ ಕಲಿಸಿದವನಾಗಿ, ಕಾನೂನಿನ ಇನ್ನೊಂದು ಕೊರತೆಯನ್ನು ಎತ್ತಿ ತೋರಿಸದೆ ಇರಲಾರೆ. 2002ರ ಸ್ಪರ್ಧಾ ಕಾಯ್ದೆಯ 4ನೇ ಕಲಮು ಪ್ರಾಬಲ್ಯದ ದುರುಪಯೋಗವನ್ನು ನಿಷೇಧಿಸುತ್ತದೆ. ಆದರೆ ಆ ಪ್ರಾಬಲ್ಯ ಒಂದು ಉದ್ಯಮದ್ದು ಅಥವಾ ಒಂದು ಸಮೂಹದ್ದು ಆಗಿರಬೇಕು. ಪರಸ್ಪರ ಸಂಬಂಧವಿಲ್ಲದ ಎರಡು ಕಂಪನಿಗಳು ಒಂದು ಮಾರುಕಟ್ಟೆಯನ್ನು ಹಂಚಿಕೊಂಡು ಆಳುತ್ತಿದ್ದರೆ, ಈ ಕಲಮಿನ ಕಣ್ಣಿಗೆ ಇಬ್ಬರೂ ಪ್ರಬಲರಲ್ಲ. ಅಮೆಜಾನ್–ಫ್ಲಿಪ್‌ಕಾರ್ಟ್ ಪ್ರಕರಣವನ್ನು 4ನೇ ಕಲಮಿನಡಿ ಅಲ್ಲ, ಸ್ಪರ್ಧೆಗೆ ಮಾರಕವಾದ ಒಪ್ಪಂದಗಳ ಕುರಿತ 3ನೇ ಕಲಮಿನಡಿ ನಡೆಸಬೇಕಾಗಿ ಬಂದದ್ದರ ಹಿಂದೆ ಈ ತೊಡಕಿದೆ. 3ನೇ ಕಲಮಿನಡಿ ತಯಾರಕ ಮತ್ತು ಮಾರಾಟಗಾರರ ನಡುವಿನ ಒಪ್ಪಂದ ಸ್ಪರ್ಧೆಗೆ ಗಣನೀಯ ಹಾನಿ ಮಾಡಿದೆ ಎಂದು ಒಂದೊಂದಾಗಿ ಸಾಬೀತುಪಡಿಸಬೇಕು, ಅದಕ್ಕೆ ಒಪ್ಪಂದದ ಪುರಾವೆ ಬೇಕು, ಅದಕ್ಕೇ ಸಾವಿರಾರು ಪುಟ ಬೇಕಾಯಿತು.

ಬೆಂಗಳೂರು ಈ ಕೊರತೆಯ ಫಲವನ್ನು ಮೊದಲೇ ಕಂಡಿದೆ. 2015ರಲ್ಲಿ ಫಾಸ್ಟ್ ಟ್ರ್ಯಾಕ್ ಮತ್ತು ಮೇರು ಎಂಬ ಟ್ಯಾಕ್ಸಿ ಸಂಸ್ಥೆಗಳು, ಓಲಾ ಕಂಪನಿಯು ಬಂಡವಾಳದ ಬಲದಿಂದ ಪ್ರಯಾಣಿಕರಿಗೆ ರಿಯಾಯಿತಿಯನ್ನೂ ಚಾಲಕರಿಗೆ ಪ್ರೋತ್ಸಾಹಧನವನ್ನೂ ಕೊಟ್ಟು, ವೆಚ್ಚಕ್ಕಿಂತ ಕಡಿಮೆ ದರದಲ್ಲಿ ಓಡಿಸಿ ಬೆಂಗಳೂರಿನ ಮಾರುಕಟ್ಟೆಯಿಂದ ತಮ್ಮನ್ನು ಹೊರದಬ್ಬುತ್ತಿದೆ ಎಂದು ಆಯೋಗಕ್ಕೆ ದೂರಿತ್ತವು. ಬೆಂಗಳೂರು ನಗರದ ರೇಡಿಯೋ ಟ್ಯಾಕ್ಸಿ ಸೇವೆಯನ್ನೇ ಪ್ರತ್ಯೇಕ ಮಾರುಕಟ್ಟೆಯೆಂದು ಪರಿಗಣಿಸಿ ಆಯೋಗ 2017ರ ಜುಲೈ 19ರಂದು ಆದೇಶ ಕೊಟ್ಟಿತು. ಓಲಾ ಪ್ರಬಲವಲ್ಲ, ಏಕೆಂದರೆ ಊಬರ್ ಅದಕ್ಕೆ ಗಟ್ಟಿ ಪೈಪೋಟಿ ಕೊಡುತ್ತಿದೆ. ಇಬ್ಬರೂ ಸೇರಿ ಪ್ರಬಲರು ಎನ್ನಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಹಾಗಾಗಿ ದರ ವೆಚ್ಚಕ್ಕಿಂತ ಕೆಳಗಿತ್ತೇ ಎಂಬ ಪ್ರಶ್ನೆಗೆ ಹೋಗುವ ಅಗತ್ಯವೇ ಇಲ್ಲ ಎಂದಾಯಿತು. ಕಾಯ್ದೆಯ ಅಕ್ಷರಕ್ಕೆ ಆ ಆದೇಶ ನಿಷ್ಠವಾಗಿತ್ತು, ನಾನು ಆಯೋಗವನ್ನು ದೂರುವುದಿಲ್ಲ. ಒಂಟಿಯಾಗಿ ಅಥವಾ ಜಂಟಿಯಾಗಿ ಎಂಬ ಪದಗಳನ್ನು 4ನೇ ಕಲಮಿಗೆ ಸೇರಿಸುವ ತಿದ್ದುಪಡಿ ಮಸೂದೆ 2012ರಲ್ಲೇ ಲೋಕಸಭೆಗೆ ಬಂದು, ಆ ಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. 2023ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿ ತಂದಾಗಲೂ ಈ ಕಿಂಡಿ ಹಾಗೆಯೇ ಉಳಿಯಿತು. ನನ್ನ ತಿಳಿವಳಿಕೆಯ ಮಟ್ಟಿಗೆ ಇದು ಆ ತಿದ್ದುಪಡಿಯ ಅತಿ ದೊಡ್ಡ ಲೋಪ. ಅಂದಿನ ಚರ್ಚೆ ಹೆಚ್ಚಾಗಿ ದಂಡದ ಮೊತ್ತದ ಸುತ್ತಲೇ ಸುತ್ತಿತು.

ದಂಡದ ಮೊತ್ತ ಪತ್ರಿಕೆಗಳ ತಲೆಬರಹಕ್ಕೆ ಚೆನ್ನ, ನಿಜ. ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 2022ರ ಅಕ್ಟೋಬರ್‌ನಲ್ಲಿ 1,337.76 ಕೋಟಿ ರೂಪಾಯಿ, ಅದರ ಮರುವಾರವೇ ಪ್ಲೇ ಸ್ಟೋರ್ ಪಾವತಿ ವ್ಯವಸ್ಥೆಯ ವಿಷಯದಲ್ಲಿ 936.44 ಕೋಟಿ ರೂಪಾಯಿ ದಂಡ ಬಿತ್ತು. ಎರಡನೆಯದನ್ನು, ಆಯೋಗದ ಆದೇಶಗಳ ಮೇಲಿನ ಮೇಲ್ಮನವಿ ಕೇಳುವ ನ್ಯಾಯಮಂಡಳಿ 2025ರ ಮಾರ್ಚ್‌ನಲ್ಲಿ 216.69 ಕೋಟಿಗೆ ಇಳಿಸಿತು. ಈ ಗಾತ್ರದ ಕಂಪನಿಗೆ ಎರಡೂ ಅಂಕಿಗಳು ಒಂದೇ. ಮುಖ್ಯವಾದದ್ದು ನಡವಳಿಕೆ ಬದಲಿಸಿ ಎನ್ನುವ ನಿರ್ದೇಶನಗಳು, ಮತ್ತು ಕಾಲದ ಏಟು ಮೊದಲು ಬೀಳುವುದು ಅವುಗಳ ಮೇಲೆಯೇ. ವಾಟ್ಸ್ಆ್ಯಪ್ ತನ್ನ ಗೋಪ್ಯತಾ ನೀತಿಯನ್ನು ಬದಲಿಸಿ, ಒಪ್ಪಿ ಇಲ್ಲವೇ ಬಿಡಿ ಎಂದದ್ದು 2021ರ ಆರಂಭದಲ್ಲಿ, ಆಯೋಗ ಅದೇ ಮಾರ್ಚ್‌ನಲ್ಲಿ ಸ್ವಯಂಪ್ರೇರಿತವಾಗಿ ತನಿಖೆಗೆ ಆದೇಶಿಸಿತು, 213.14 ಕೋಟಿ ದಂಡ ಮತ್ತು ಜಾಹೀರಾತಿಗಾಗಿ ಬಳಕೆದಾರರ ಮಾಹಿತಿಯನ್ನು ಮೆಟಾದ ಇತರ ಕಂಪನಿಗಳೊಂದಿಗೆ ಐದು ವರ್ಷ ಹಂಚಿಕೊಳ್ಳಬಾರದೆಂಬ ನಿರ್ಬಂಧ ಬಂದದ್ದು 2024ರ ನವೆಂಬರ್‌ನಲ್ಲಿ. ಎರಡೇ ತಿಂಗಳಲ್ಲಿ ಆ ನಿರ್ಬಂಧಕ್ಕೆ ತಡೆ ಸಿಕ್ಕಿತು, 2025ರ ನವೆಂಬರ್‌ನಲ್ಲಿ ನ್ಯಾಯಮಂಡಳಿ ಅದನ್ನು ರದ್ದುಪಡಿಸಿ ದಂಡವನ್ನು ಮಾತ್ರ ಉಳಿಸಿತು.

ಅಂತಿಮ ಆದೇಶಕ್ಕೆ ಮೊದಲೇ ಹಾನಿ ತಡೆಯುವ ದಾರಿ ಕಾಯ್ದೆಯಲ್ಲಿ ಇಲ್ಲವೆಂದಲ್ಲ. 33ನೇ ಕಲಮು ಮಧ್ಯಂತರ ಆದೇಶದ ಅಧಿಕಾರ ಕೊಡುತ್ತದೆ. ಬೆಂಗಳೂರಿನದೇ ಆದ ಟ್ರೀಬೊ ಹೋಟೆಲ್ ಜಾಲದ ಅನುಭವ ಇಲ್ಲಿ ನೆನೆಯಬೇಕಾದದ್ದು. ಮೇಕ್‌ಮೈಟ್ರಿಪ್ ಎಂಬ ಪ್ರಯಾಣ ಕಾಯ್ದಿರಿಸುವ ತಾಣ ಮತ್ತು ಓಯೊ ಎಂಬ ಹೋಟೆಲ್ ಜಾಲದ ನಡುವಿನ ಒಪ್ಪಂದದ ಫಲವಾಗಿ ತಮ್ಮ ಹೋಟೆಲುಗಳನ್ನು ಕಾಯ್ದಿರಿಸುವ ಜಾಲತಾಣದಿಂದಲೇ ತೆಗೆದುಹಾಕಲಾಗಿದೆ ಎಂದು ಟ್ರೀಬೊ ಮತ್ತು ಫ್ಯಾಬ್‌ಹೋಟೆಲ್ಸ್ ಆಯೋಗದ ಮುಂದೆ ಅಹವಾಲಿಟ್ಟವು. 2021ರ ಮಾರ್ಚ್‌ನಲ್ಲಿ ಆಯೋಗ ಅವುಗಳನ್ನು ಮತ್ತೆ ಪಟ್ಟಿಗೆ ಸೇರಿಸುವಂತೆ ಮಧ್ಯಂತರ ಆದೇಶ ನೀಡಿತು. ತನ್ನ ವಾದ ಕೇಳಿಲ್ಲ ಎಂದು ಓಯೊ ಗುಜರಾತ್ ಹೈಕೋರ್ಟಿಗೆ ಹೋಯಿತು, ಅಲ್ಲಿ ಆ ಆದೇಶ ಉಳಿಯಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಅಂತಿಮ ಆದೇಶ ಬಂದು, ಮೇಕ್‌ಮೈಟ್ರಿಪ್ ಸಮೂಹಕ್ಕೆ 223.48 ಕೋಟಿ, ಓಯೊಗೆ 168.88 ಕೋಟಿ ದಂಡ ಹಾಕಿದಾಗ ದೂರುದಾರರ ಮಾತು ಸರಿಯಿತ್ತೆಂದು ಆಯೋಗ ಹೇಳಿದಂತಾಯಿತು. ನಡುವಿನ ವರ್ಷಗಳ ಬುಕಿಂಗ್ ಹೋಟೆಲುಗಳಿಗೆ ಮರಳಿ ಬರಲಿಲ್ಲ. ಓಯೊದ ವಾದವನ್ನು ಮೊದಲೇ ಒಂದು ದಿನ ಕೇಳಿದ್ದರೆ ಆ ಆದೇಶ ಉಳಿಯುತ್ತಿತ್ತೇನೋ; ಆತುರದ ಕ್ರಮವೂ ಕೊನೆಗೆ ವಿಳಂಬಕ್ಕೇ ದಾರಿ ಮಾಡುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಇದು ಭಾರತಕ್ಕೆ ಮಾತ್ರ ಬಂದ ಸಂಕಟವಲ್ಲ. ಬ್ರಿಟನ್ನಿನ ರಾಫ್ ದಂಪತಿ ತಮ್ಮ ಫೌಂಡೆಮ್ ಎಂಬ ಬೆಲೆ ಹೋಲಿಕೆಯ ತಾಣವನ್ನು ಗೂಗಲ್ ತನ್ನ ಹುಡುಕಾಟದಲ್ಲಿ ಕೆಳಕ್ಕೆ ತಳ್ಳಿದೆ ಎಂದು 2009ರಲ್ಲಿ ಐರೋಪ್ಯ ಆಯೋಗಕ್ಕೆ ದೂರಿದರು. 2017ರಲ್ಲಿ ಗೂಗಲ್‌ಗೆ 242 ಕೋಟಿ ಯೂರೋ ದಂಡ ಬಿತ್ತು, 2024ರ ಸೆಪ್ಟೆಂಬರ್‌ನಲ್ಲಿ ಐರೋಪ್ಯ ಒಕ್ಕೂಟದ ಅತ್ಯುನ್ನತ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ದಂಪತಿ ಗೆದ್ದರು, ಅವರ ತಾಣ 2016ರಲ್ಲೇ ಮುಚ್ಚಿತ್ತು. ಇಂಥ ಅನುಭವಗಳಿಂದ ಪಾಠ ಕಲಿತೇ ಐರೋಪ್ಯ ಒಕ್ಕೂಟ ಡಿಜಿಟಲ್ ಮಾರುಕಟ್ಟೆ ಕಾಯ್ದೆಯನ್ನು ತಂದು, 2024ರ ಮಾರ್ಚ್‌ನಿಂದ ಅತಿ ದೊಡ್ಡ ಕಂಪನಿಗಳು ಏನು ಮಾಡಬಾರದು ಎಂಬುದನ್ನು ಮೊದಲೇ ಪಟ್ಟಿ ಮಾಡಿ ಜಾರಿಗೊಳಿಸಿತು. ಹಾನಿಯನ್ನು ಸಾಬೀತುಪಡಿಸುವ ಭಾರ ಪ್ರತಿ ಸಲವೂ ಸಣ್ಣವನ ತಲೆಯ ಮೇಲೆ ಬೀಳದಂತೆ ಮಾಡುವುದು ಅದರ ಉದ್ದೇಶ.

ನಮ್ಮಲ್ಲೂ ಆ ದಾರಿಯ ಅರ್ಧದಷ್ಟನ್ನು ಕ್ರಮಿಸಲಾಗಿದೆ. ಜಯಂತ್ ಸಿನ್ಹಾ ಅಧ್ಯಕ್ಷತೆಯ ಸಂಸದೀಯ ಸ್ಥಾಯಿ ಸಮಿತಿ 2022ರ ಡಿಸೆಂಬರ್‌ನಲ್ಲಿ ಮುಂಚಿತ ನಿಯಮಗಳು ಬೇಕೆಂದು ಶಿಫಾರಸು ಮಾಡಿತು. ಕಂಪನಿ ವ್ಯವಹಾರಗಳ ಸಚಿವಾಲಯದ ಸಮಿತಿ 2024ರ ಮಾರ್ಚ್‌ನಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡನ್ನೇ ಮುಂದಿಟ್ಟು ಸಾರ್ವಜನಿಕರ ಅಭಿಪ್ರಾಯ ಕೇಳಿತು. ತನ್ನ ಸರಕಿಗೆ ತಾನೇ ಆದ್ಯತೆ ಕೊಡಬಾರದು, ತನ್ನಲ್ಲಿ ಮಾರುವವರ ಗುಟ್ಟಿನ ಮಾಹಿತಿಯನ್ನು ಅವರ ವಿರುದ್ಧವೇ ಬಳಸಬಾರದು, ಒಂದು ಸೇವೆ ಬೇಕಾದರೆ ಇನ್ನೊಂದನ್ನೂ ಕೊಳ್ಳಬೇಕೆಂದು ಕಟ್ಟಿಹಾಕಬಾರದು ಎಂಬ ನಿಯಮಗಳು ಅದರಲ್ಲಿವೆ. ಗಮನಿಸಿ, ದೆಹಲಿಯ ವರ್ತಕರ 2019ರ ದೂರಿನಲ್ಲಿದ್ದ ಹೆಚ್ಚಿನ ಅಂಶಗಳು ಈ ಪಟ್ಟಿಯೊಳಗೆ ಬರುತ್ತವೆ.

ಬೆಂಗಳೂರಿನ ನವೋದ್ಯಮಗಳಲ್ಲಿ ಕೆಲವರು ಈ ಕರಡಿಗೆ ಅಂಜುತ್ತಾರೆ. ಬೆಳೆಯುತ್ತಿರುವ ದೇಶೀಯ ಕಂಪನಿಯೂ ಈ ಬಲೆಗೆ ಬೀಳಬಹುದು ಎಂಬ ಅವರ ಆತಂಕವನ್ನು ಕೇಳಿಸಿಕೊಳ್ಳಬೇಕು. ಕರಡಿನ ಪ್ರಕಾರ ಭಾರತದಲ್ಲಿ 4,000 ಕೋಟಿ ರೂಪಾಯಿ ವಹಿವಾಟು, ಅಥವಾ 16,000 ಕೋಟಿ ರೂಪಾಯಿ ಮೌಲ್ಯದ ಸರಕಿನ ಮಾರಾಟ, ಅಥವಾ ಜಾಗತಿಕ ವಹಿವಾಟು ಮತ್ತು ಮಾರುಕಟ್ಟೆ ಮೌಲ್ಯದ ಇನ್ನೂ ದೊಡ್ಡ ಅಳತೆಗಳಲ್ಲಿ ಒಂದು ದಾಟಿರಬೇಕು. ಜೊತೆಗೆ 1 ಕೋಟಿ ಬಳಕೆದಾರರು ಅಥವಾ 10,000 ವ್ಯಾಪಾರಿ ಬಳಕೆದಾರರು ಇರಬೇಕು. 140 ಕೋಟಿ ಜನರಿರುವ ದೇಶದಲ್ಲಿ 1 ಕೋಟಿ ಬಳಕೆದಾರರೆಂಬುದು ಬಹಳ ಕೆಳಗಿನ ಮಿತಿ, ಅದನ್ನು ಏರಿಸಬೇಕೆಂಬ ವಾದ ನನಗೆ ಒಪ್ಪಿಗೆ. ಆದರೆ ಮಿತಿ ತಪ್ಪಾಗಿದೆಯೆಂದು ಮಸೂದೆಯನ್ನೇ ಕಪಾಟಿಗೆ ಸೇರಿಸುವ ವಾದವನ್ನು ಒಪ್ಪಲಾರೆ. ಪ್ಲೇ ಸ್ಟೋರಿನ ಶುಲ್ಕದ ವಿರುದ್ಧ ದನಿಯೆತ್ತಿದವರಲ್ಲಿ ನಮ್ಮ ನವೋದ್ಯಮಗಳೇ ಮುಂದಿದ್ದವು. ಮೇಲಿನವನ ಬಾಗಿಲಲ್ಲಿ ನ್ಯಾಯ ಕೇಳುವವರು ತಮ್ಮ ಬಾಗಿಲಲ್ಲಿ ನಿಂತ ಸಣ್ಣ ವರ್ತಕನಿಗೂ ಅದೇ ನಿಯಮ ಬೇಕೆನ್ನಬೇಕಾಗುತ್ತದೆ.

ಮೊದಲೇ ನಿಯಮ ಮಾಡುವುದು ವಿದೇಶದಿಂದ ತಂದ ವಿಚಾರವೆಂದು ಹೇಳುವವರಿಗೆ ನಮ್ಮ ಎಪಿಎಂಸಿ ಪ್ರಾಂಗಣಗಳನ್ನು ತೋರಿಸಬಯಸುತ್ತೇನೆ. 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯನ್ನು ರೂಪಿಸಿದವರು ಪ್ರತಿಯೊಬ್ಬ ರೈತನೂ ತನಗಾದ ಮೋಸವನ್ನು ಕೋರ್ಟಿನಲ್ಲಿ ಸಾಬೀತುಪಡಿಸಲಿ ಎಂದು ಬಿಡಲಿಲ್ಲ. ದಲಾಲರಿಗೆ ಪರವಾನಗಿ ಬೇಕು, ತೂಕ ಹಾಕುವವನಿಗೂ ಬೇರೆ ಪರವಾನಗಿ ಬೇಕು, ಸವಾಲು ಬಹಿರಂಗವಾಗಿ ನಡೆಯಬೇಕು, ಕಮಿಷನ್ ಎಷ್ಟೆಂಬುದು ಮೊದಲೇ ಗೊತ್ತಿರಬೇಕು ಎಂದರು. 2014ರಿಂದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಮೂಲಕ ರಾಜ್ಯದ ಪ್ರಾಂಗಣಗಳ ಟೆಂಡರು ಕಂಪ್ಯೂಟರಿಗೆ ಬಂದಾಗಲೂ ಆ ತತ್ವ ಬದಲಾಗಲಿಲ್ಲ. ಎಪಿಎಂಸಿಗಳಲ್ಲಿ ಕುಂದುಗಳು ಸಾಕಷ್ಟಿವೆ, ದಾವಣಗೆರೆಯವನಾದ ನನಗೆ ಅವು ಗೊತ್ತು. ಆದರೆ ಮಾರುಕಟ್ಟೆ ನಡೆಸುವ ಕೈ, ತೂಗುವ ಕೈ, ಕೊಳ್ಳುವ ಕೈ ಒಂದೇ ಆಗಬಾರದೆಂಬ ತಿಳಿವಳಿಕೆ ಈ ರಾಜ್ಯಕ್ಕೆ ಅರವತ್ತು ವರ್ಷದ ಹಿಂದೆಯೇ ಇತ್ತು. ಕೇಂದ್ರವೂ ವಿದೇಶಿ ಬಂಡವಾಳದ ಜಾಲತಾಣಗಳಿಗೆ 2019ರ ಫೆಬ್ರವರಿಯಿಂದ ಇದನ್ನೇ ಹೇಳಿದೆ: ಮಾರಾಟಗಾರರಲ್ಲಿ ಪಾಲು ಹೊಂದುವಂತಿಲ್ಲ, ನಮ್ಮಲ್ಲೇ ಮಾರು ಎಂದು ಯಾರನ್ನೂ ಕಡ್ಡಾಯಪಡಿಸುವಂತಿಲ್ಲ. ಆದರೆ ಅದು ವಿದೇಶಿ ಹೂಡಿಕೆಯ ಷರತ್ತು. ಅದನ್ನು ಮೀರಿದರೆ ವಿಚಾರಿಸುವುದು ಜಾರಿ ನಿರ್ದೇಶನಾಲಯ, ಸ್ಪರ್ಧಾ ಆಯೋಗವಲ್ಲ. ನಷ್ಟಕ್ಕೊಳಗಾದ ವರ್ತಕನಿಗೆ ಅಲ್ಲಿ ಕೂರಲು ಕುರ್ಚಿಯಿಲ್ಲ.

ರಿಯಾಯಿತಿಯಿಂದ ಜನರಿಗೆ ಲಾಭವಾಗಿಲ್ಲವೇ ಎಂದು ಕೇಳುವವರಿದ್ದಾರೆ. ಆಗಿದೆ. ಪುಸ್ತಕದಂಗಡಿಯಿಲ್ಲದ ಹೋಬಳಿಯ ವಿದ್ಯಾರ್ಥಿಗೆ ಪಠ್ಯಪುಸ್ತಕ ಮನೆಗೆ ಬರುತ್ತದೆ, ಇಳಕಲ್ಲಿನ ನೇಕಾರ ಬೇರೆ ರಾಜ್ಯದ ಗ್ರಾಹಕರಿಗೆ ಸೀರೆ ಕಳುಹಿಸಬಲ್ಲ, ಬೆಂಗಳೂರಿನ ಸಾವಿರಾರು ಕುಟುಂಬಗಳ ಅನ್ನ ಈ ಕಂಪನಿಗಳಿಂದ ಬರುತ್ತದೆ. ಸ್ಪರ್ಧಾ ಕಾನೂನು ಇರುವುದು ಸ್ಪರ್ಧೆಯನ್ನು ಕಾಪಾಡಲು, ಪ್ರತಿ ಅಂಗಡಿಯನ್ನೂ ಉಳಿಸಲು ಅಲ್ಲ ಎಂಬುದೂ ಸರಿ. ಆದರೆ ಇಂದಿನ ರಿಯಾಯಿತಿ ನಾಳಿನ ಪೈಪೋಟಿಯನ್ನು ಇಲ್ಲವಾಗಿಸಿ ಬಂದದ್ದೋ, ನಿಜವಾದ ದಕ್ಷತೆಯಿಂದ ಬಂದದ್ದೋ ಎಂದು ತಿಳಿಯುವುದಕ್ಕೇ ತನಿಖೆ ಇರುವುದು. ಆ ಉತ್ತರ ಕಂಪನಿಗಳ ಪರವಾಗಿಯೇ ಬರಬಹುದು. ಹಾಗೆ ಬಂದರೂ ಅದು ಬೇಗ ಬರಬೇಕು. ವರ್ಷಗಟ್ಟಲೆ ಆರೋಪ ಹೊತ್ತು ನಡೆಯುವುದು ಅವರಿಗೂ ನ್ಯಾಯವಲ್ಲ.

ವಿಳಂಬಕ್ಕೆ ವಕೀಲರೊಬ್ಬರೇ ಹೊಣೆಯಲ್ಲ. 2022ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರು ನಿವೃತ್ತರಾದ ಮೇಲೆ ಆಯೋಗಕ್ಕೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಸದಸ್ಯಬಲ, ಇಲ್ಲದಾಯಿತು, ಹೊಸ ಅಧ್ಯಕ್ಷರು ಬಂದದ್ದು 2023ರ ಮೇ ತಿಂಗಳಲ್ಲಿ. ದೇಶದ ಮಾರುಕಟ್ಟೆಗಳ ಮೇಲೆ ನಿಗಾ ಇಡುವ ಸಂಸ್ಥೆ ಆರು ತಿಂಗಳಿಗೂ ಹೆಚ್ಚು ಕಾಲ ಹೀಗಿತ್ತು, ಕೇವಲ ನೇಮಕಾತಿ ಆಗಲಿಲ್ಲವೆಂಬ ಕಾರಣಕ್ಕೆ. 2017ರವರೆಗೆ ಸ್ಪರ್ಧಾ ಪ್ರಕರಣಗಳಿಗೆಂದೇ ಪ್ರತ್ಯೇಕ ಮೇಲ್ಮನವಿ ನ್ಯಾಯಮಂಡಳಿ ಇತ್ತು. ಅದನ್ನು ರದ್ದುಪಡಿಸಿ, ದಿವಾಳಿತನದ ಪ್ರಕರಣಗಳ ಹೊರೆ ಹೊತ್ತ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೇ ಈ ಕೆಲಸವನ್ನೂ ಸೇರಿಸಲಾಯಿತು.

ಆದ್ದರಿಂದ ನನ್ನ ಕೋರಿಕೆಗಳು ನಿರ್ದಿಷ್ಟವಾಗಿವೆ. ಸ್ಪರ್ಧಾ ಆಯೋಗದ ತನಿಖೆಯನ್ನು ಪ್ರಶ್ನಿಸುವ ರಿಟ್ ಅರ್ಜಿಗಳನ್ನು ಹೈಕೋರ್ಟುಗಳು ವಾಣಿಜ್ಯ ವ್ಯಾಜ್ಯಗಳಂತೆ ಕಾಲಮಿತಿಯೊಳಗೆ ಕೇಳಿ ಮುಗಿಸುವ ಪರಿಪಾಠ ಬೆಳೆಯಬೇಕು. ಇಂಥ ಅರ್ಜಿಗಳೆಲ್ಲ ತನ್ನ ಮುಂದೆಯೇ ಬಂದು ಸೇರಿರುವುದರಿಂದ ಆ ಪರಿಪಾಠ ಹಾಕಿಕೊಡುವ ಅವಕಾಶ ಕರ್ನಾಟಕ ಹೈಕೋರ್ಟಿಗಿದೆ. ಸ್ಪರ್ಧಾ ಮೇಲ್ಮನವಿಗಳಿಗೆ ಪ್ರತ್ಯೇಕ ಪೀಠ ಬೇಕು. ಜಂಟಿ ಪ್ರಾಬಲ್ಯವನ್ನು 4ನೇ ಕಲಮಿಗೆ ಸೇರಿಸಬೇಕು. ಡಿಜಿಟಲ್ ಸ್ಪರ್ಧಾ ಮಸೂದೆಯನ್ನು ಮಿತಿಗಳನ್ನು ತಿದ್ದಿ ಸಂಸತ್ತಿನ ಮುಂದೆ ತರಬೇಕು, ಇಲ್ಲವೇ ಏಕೆ ತರುವುದಿಲ್ಲ ಎಂದು ಸರ್ಕಾರ ಸದನದಲ್ಲಿ ಕಾರಣ ಹೇಳಬೇಕು. ರಾಜ್ಯದಿಂದ ಆಯ್ಕೆಯಾದ 28 ಲೋಕಸಭಾ ಸದಸ್ಯರಲ್ಲಿ ಯಾರಾದರೊಬ್ಬರು ಬರುವ ಅಧಿವೇಶನದಲ್ಲಿ ಕಂಪನಿ ವ್ಯವಹಾರಗಳ ಸಚಿವರಿಗೆ ಈ ಪ್ರಶ್ನೆಯನ್ನು ಲಿಖಿತವಾಗಿ ಕೇಳಲಿ, ಮತ್ತು ಅದಕ್ಕೆ ಬರುವ ಉತ್ತರವನ್ನು ತಮ್ಮ ಪತ್ರಿಕೆ ಪೂರ್ತಿಯಾಗಿ ಪ್ರಕಟಿಸಲಿ ಎಂದು ವಿನಂತಿಸುತ್ತೇನೆ.

ಇಂತಿ,
ನಿವೃತ್ತ ವಾಣಿಜ್ಯಶಾಸ್ತ್ರ ಉಪನ್ಯಾಸಕ,
ದಾವಣಗೆರೆ